ಅಂಗರಾಜ್ಯದ ಉಪ್ಪು

ಟಿವಿಯ ಕರ್ಣನನ್ನು ನೋಡಿ ನಮ್ಮ ಕೇರಿ ಎರಡು ಸಲ ಅತ್ತಿದೆ. ಮೊದಲನೆಯದು 1988ರಿಂದ 1990ರವರೆಗೆ, ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದಾಗ. ಆಗ ನಾವು ಹುಟ್ಟಿರಲಿಲ್ಲ. ಎರಡನೆಯದು 2020ರ ಲಾಕ್‌ಡೌನಿನಲ್ಲಿ. ಹಿಂದಿಯಲ್ಲಿ 2013ರಲ್ಲಿ ಶುರುವಾಗಿದ್ದ ಇನ್ನೊಂದು ‘ಮಹಾಭಾರತ’ ಕನ್ನಡಕ್ಕೆ ಡಬ್ಬಾಗಿ ಸ್ಟಾರ್ ಸುವರ್ಣದಲ್ಲಿ ಬಂತು. ಕಾಲೇಜು ಮುಚ್ಚಿತ್ತು, ನಾವು ಊರಲ್ಲೇ ಇದ್ದೆವು, ಆಯಿಯ ಮಗ್ಗುಲಲ್ಲಿ ಕೂತು ನೋಡಿದೆವು. ಎರಡು ಸಲವೂ ಕೇರಿ ಅತ್ತದ್ದು ಅರ್ಜುನನಿಗಲ್ಲ, ಧರ್ಮರಾಜನಿಗಲ್ಲ. ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣುಮಗಳನ್ನು ಬಾಯಿಗೆ ಬಂದಂತೆ ಅಂದವನಿಗೆ, ತಪ್ಪೆಂದು ಗೊತ್ತಿದ್ದೂ ತಪ್ಪಿನ ಕಡೆ ನಿಂತವನಿಗೆ. ಯಾಕೆ ಅತ್ತೆವು? ಅಳಬೇಕಾಗಿತ್ತೆ? ಇಷ್ಟೇ ನಮ್ಮ ಪ್ರಶ್ನೆ.

ನಮ್ಮೂರು ನವಲಗುಂದ ಸೀಮೆಯದು. ಎರಿ ಹೊಲ, ಹತ್ತಿ, ಜೋಳ, ಮೆಣಸಿನಕಾಯಿ. 1988ರಲ್ಲಿ ಊರಿಗೆಲ್ಲ ಇದ್ದದ್ದು ಎರಡೋ ಮೂರೋ ಟಿವಿ. ಒಂದು ದೊಡ್ಡ ಮನೆಯ ಪಡಸಾಲೆಯಲ್ಲಿತ್ತು. ಊರಿನವರು ಪಡಸಾಲೆಯಲ್ಲಿ ಕೂತರು, ಕೇರಿಯವರು ಕಟ್ಟೆಯ ಕೆಳಗೆ ನಿಂತು ಕಿಟಕಿಯಿಂದ ನೋಡಿದರು. ಹಿಂದಿ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಉರ್ದು ಸಾಲಿ ಕಲಿತ ಒಬ್ಬ ಹುಡುಗ ಕಿಟಕಿಯ ಸರಳು ಹಿಡಿದು ಮಾತು ಬಿಡಿಸಿ ಬಿಡಿಸಿ ಹೇಳುತ್ತಿದ್ದನಂತೆ. ಆ ಧಾರಾವಾಹಿಗೆ ಸಂಭಾಷಣೆ ಬರೆದವರೂ ರಾಹಿ ಮಾಸೂಮ್ ರಜಾ ಅಲ್ಲವೆ! ವ್ಯಾಸರ ಮಾತು ರಜಾ ಸಾಹೇಬರ ಕೈಯಿಂದ ಹೊರಟು, ಒಬ್ಬ ಸಾಬರ ಹುಡುಗನ ಬಾಯಿಂದ ನಮ್ಮ ಕೇರಿಗೆ ಬಂತು. ಈ ದೇಶದ ಕತೆ ಹೀಗೆಯೇ ಓಡಾಡಿದೆ.

ನಿಜ ಹೇಳಬೇಕೆಂದರೆ ಬಿಡಿಸಿ ಹೇಳುವ ಅಗತ್ಯವೇನೂ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ರಾತ್ರಿ ಬೆಳತನಕ ನಡೆದ ದೊಡ್ಡಾಟಗಳಲ್ಲಿ ಕಿರೀಟ, ಭುಜಕೀರ್ತಿ ಕಟ್ಟಿದ ಕರ್ಣನನ್ನು ಕೇರಿ ಕಂಡಿತ್ತು. ನಮ್ಮ ಮುತ್ಯಾ ಆ ಆಟಗಳಲ್ಲಿ ಗ್ಯಾಸ್‌ಬತ್ತಿ ಹೊತ್ತು ನಿಂತವನು, ವೇಷ ಕಟ್ಟಿದವನಲ್ಲ. ಬೆಳಕು ನಮ್ಮ ತಲೆಯ ಮೇಲೆ, ಕಿರೀಟ ಅವರ ತಲೆಯ ಮೇಲೆ. ಆದರೆ ಬೆಳಕು ಹಿಡಿದವನಿಗೆ ಆಟ ಹತ್ತಿರದಿಂದ ಕಾಣುತ್ತದೆ.

ಅದಕ್ಕೂ ಹಿಂದೆ ಹೋದರೆ ಈ ಕತೆಗೆ ನಮ್ಮ ನೆಲದಲ್ಲೇ ಸಾವಿರ ವರ್ಷದ ಬೇರಿದೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಕವಿಯ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಬರೆಸಿಟ್ಟಿದ್ದಾನೆ. ಅಣ್ಣಿಗೇರಿಯಿಂದ ಬಹಳ ದೂರವೇನಲ್ಲದ ಕೋಳಿವಾಡ ಕುಮಾರವ್ಯಾಸನ ಊರು. ಕನ್ನಡದ ಎರಡು ದೊಡ್ಡ ಭಾರತಗಳ ಬಳ್ಳಿ ಇದೇ ಕರಿ ಮಣ್ಣಿನಲ್ಲಿದೆ. 941ರ ಸುಮಾರಿಗೆ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿ ಹೊಗಳಿದ. ದೊರೆ ಧರ್ಮಪುರವೆಂಬ ಅಗ್ರಹಾರ ಕೊಟ್ಟ. ಹೊಗಳಿಕೆಯೆಲ್ಲ ಅರ್ಜುನನಿಗೆ; ಆದರೆ ಕಾವ್ಯದ ಕರುಳು ಮಾತ್ರ ಕರ್ಣನ ಕಡೆ. ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಅವನೇ ಹೇಳಿಬಿಡುತ್ತಾನೆ. ಉಪ್ಪಿನ ಋಣದ ರುಚಿ ಈ ಆಸ್ಥಾನ ಕವಿಗೂ ಗೊತ್ತಿತ್ತು ಎಂದು ನಮಗೆ ಅನಿಸುತ್ತದೆ. ಪಂಡಿತರು ಒಪ್ಪದಿದ್ದರೆ ಬಿಡಲಿ.

ಭೀಷ್ಮನಿಗೆ ಸೇನಾಪತಿ ಪಟ್ಟ ಕಟ್ಟುವ ಹೊತ್ತಿನಲ್ಲಿ ಪಂಪನ ಕರ್ಣ ಎದ್ದು ನಿಂತು, ಹುಟ್ಟಿದ ಕುಲ ಕುಲವಲ್ಲ, ಛಲ, ಗುಣ, ಪರಾಕ್ರಮ ಇವೇ ಕುಲ ಎಂಬ ಅರ್ಥದ ಮಾತಾಡುತ್ತಾನೆ. ಆ ಪದ್ಯವನ್ನು ನಾವು ತರಗತಿಯಲ್ಲಿ ಬಾಯಿಪಾಠ ಮಾಡಿದೆವು. ನಮ್ಮ ಮೇಷ್ಟ್ರು ಛಂದಸ್ಸು ಬಿಡಿಸಿದರು, ಸಮಾಸ ಬಿಡಿಸಿದರು, ಕುಲದ ಮಾತು ಮಾತ್ರ ಬಿಡಿಸದೆ ಮುಂದಿನ ಪದ್ಯಕ್ಕೆ ಹೋದರು.

ಈಗ ಟಿವಿಗೆ ಬರೋಣ. 1988ರ ಕರ್ಣ ಪಂಕಜ್ ಧೀರ್ ಇರಲಿ, 2013ರ ಕರ್ಣ ಅಹಂ ಶರ್ಮಾ ಇರಲಿ, ನೋಡುವವನಿಗೆ ಮೊದಲ ಕಂತಿನಿಂದಲೇ ಗೊತ್ತು: ಇವನು ಸೂತನ ಮಗನಲ್ಲ, ಕುಂತಿಯ ಮಗ, ಸೂರ್ಯನ ಕೂಸು. ಎದೆಯ ಮೇಲೆ ಕವಚ, ಕಿವಿಯಲ್ಲಿ ಕುಂಡಲ. ಗೆಳೆಯರೆ, ಪಡಸಾಲೆಯವರೂ ಅತ್ತದ್ದು ಇದಕ್ಕೇ. ಅಯ್ಯೋ, ಕ್ಷತ್ರಿಯನಿಗೆ ಸೂತ ಅಂದರಲ್ಲ ಎಂದು ಅವರು ಅತ್ತರು. ಸೂತನಿಗೆ ಹೀಗೆ ಅಂದರಲ್ಲ ಎಂದು ಕಿಟಕಿಯ ಹೊರಗಿನವರು ಅತ್ತರು. ಒಂದೇ ಪರದೆ, ಒಂದೇ ಕಣ್ಣೀರು, ನಡುವೆ ಮಾತ್ರ ಒಂದು ಗೋಡೆ. ನಿಜವಾದ ಸೂತನ ಮಗನಿಗೆ ಬಿಲ್ವಿದ್ಯೆ ಬರುತ್ತಿರಲಿಲ್ಲವೆ? ಹುಟ್ಟಿನ ಗುಟ್ಟಿಲ್ಲದೆಯೂ ವಿದ್ಯೆ ಬರುತ್ತದೆ ಎಂಬುದಕ್ಕೆ ಏಕಲವ್ಯನಿದ್ದ. ಅವನ ಹೆಬ್ಬೆರಳೇ ಹೋಯಿತು.

ಕರ್ಣನ ಮನಸ್ಸು ಒಡೆದ ಜಾಗ ಯಾವುದು? ಶಸ್ತ್ರ ಪರೀಕ್ಷೆಯ ರಂಗ. ಕೃಪ ಕುಲ ಕೇಳಿದ. ಕರ್ಣನ ಮುಖ ಬಾಡಿತು. ದುರ್ಯೋಧನ ಅಲ್ಲೇ ಅಂಗರಾಜ್ಯ ಕೊಟ್ಟು ಅಭಿಷೇಕ ಮಾಡಿಸಿದ. ಅಷ್ಟರಲ್ಲಿ ಮುದಿ ಅಧಿರಥ ಕೋಲೂರಿಕೊಂಡು, ಹೊದ್ದ ಬಟ್ಟೆ ಜಾರುತ್ತ, ಬೆವರುತ್ತ ರಂಗಕ್ಕೆ ಬಂದ. ಅಭಿಷೇಕದ ನೀರು ಇನ್ನೂ ಆರದ ತಲೆಯನ್ನು ಮಗ ಅಪ್ಪನ ಪಾದಕ್ಕೆ ಬಾಗಿಸಿದ. ಭೀಮ ನಕ್ಕ, ಹೋಗಿ ಚಾವಟಿಗೆ ಹಿಡಿ ಅಂದ.

ನಾವು ಪದವಿ ತಗೊಂಡ ದಿನ ಅಪ್ಪ ಧಾರವಾಡಕ್ಕೆ ಬಂದಿದ್ದ. ಕೆಂಪು ಬಸ್ಸಿನ ಧೂಳು ತಲೆಯ ಮೇಲೆ, ಹೆಗಲಿಗೆ ಬುತ್ತಿ ಗಂಟು. ದೂರದಿಂದ ನೋಡಿದೆವು. ಜೊತೆಗಿದ್ದ ಗೆಳೆಯರು, “ಯಾರೋ ಹುಡುಕಾಕತ್ತಾರ ನೋಡು” ಅಂದರು. ಒಂದು ಕ್ಷಣ, ಒಂದೇ ಕ್ಷಣ, ನಾವು ಬೇರೆ ಕಡೆ ನೋಡಿದೆವು. ಆಮೇಲೆ ಓಡಿ ಹೋಗಿ ಗಂಟು ಇಸಗೊಂಡೆವು, ಅದು ಬೇರೆ ಮಾತು. ಕರ್ಣ ಆ ಕ್ಷಣ ಬೇರೆ ಕಡೆ ನೋಡಲಿಲ್ಲ. ಇಷ್ಟು ಮಟ್ಟಿಗೆ ಅವನು ನಮಗಿಂತ ದೊಡ್ಡವನು, ಒಪ್ಪಿಕೊಳ್ಳಲೇಬೇಕು.

ಆದರೆ ಆ ದಿನ ಸಿಕ್ಕ ಕಿರೀಟಕ್ಕೆ ಬೆಲೆ ಇತ್ತು. ಅರ್ಜುನನ ಎದುರಿಗೆ ಒಂದು ಬಿಲ್ಲು ಬೇಕಾಗಿತ್ತು, ದುರ್ಯೋಧನ ಕೊಂಡ. ಪ್ರೀತಿಯೂ ಇತ್ತು, ಸುಳ್ಳಲ್ಲ. ಒಡೆಯನ ಪ್ರೀತಿ ಪೂರಾ ಸುಳ್ಳಾಗಿದ್ದರೆ ಜೀತ ಇಷ್ಟು ವರ್ಷ ಬಾಳುತ್ತಿರಲಿಲ್ಲ. ನಮ್ಮ ಮುತ್ಯಾ ಮದುವೆಗೆಂದು ಮಾಡಿದ ಸಾಲಕ್ಕೆ ದೊಡ್ಡ ಮನೆಯಲ್ಲಿ ಉಗಾದಿಯಿಂದ ಉಗಾದಿಗೆ ದುಡಿದ. ವರ್ಷಕ್ಕೆ ಇಷ್ಟು ಜೋಳ, ಒಂದು ಕಂಬಳಿ, ಒಂದು ಜೋಡಿ ಚಪ್ಪಲಿ. 1975ರಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಬಂತು, ಸಾಲವೆಲ್ಲ ವಜಾ ಎಂದಿತು. ಅದಾದ ಮೇಲೂ ಮುತ್ಯಾ ಆರು ವರ್ಷ ಅದೇ ಹೊಲಕ್ಕೆ ಹೋದ. ಯಾಕ ಅಂತ ಕೇಳಿದರೆ, “ಕಷ್ಟದಾಗ ಕೊಟ್ಟಾರಪಾ, ಈಗ ಹೆಂಗ ಬಿಟ್ಟ ಬರ್ಲಿ?” ಅಂತಿದ್ದನಂತೆ. ಕಾಯಿದೆಗೆ ಸಾಲ ಗೊತ್ತಿತ್ತು, ಋಣ ಗೊತ್ತಿರಲಿಲ್ಲ. ಕರ್ಣನ ಇಡೀ ಬದುಕು ಮುತ್ಯಾನ ಈ ಒಂದು ಮಾತಿನಲ್ಲಿದೆ.

ಇಷ್ಟರವರೆಗೆ ಕರ್ಣನಿಗೆ ಅಳಬಹುದು. ಮುಂದೆ ಜೂಜಿನ ಸಭೆ ಇದೆ.

ಅಲ್ಲಿ ದುರ್ಯೋಧನನ ತಮ್ಮ ವಿಕರ್ಣ ಎದ್ದು ಇದು ಅನ್ಯಾಯ ಎಂದ. ಅವನ ಬಾಯಿ ಮುಚ್ಚಿಸಿದವನು ಕರ್ಣ. ದ್ರೌಪದಿಯನ್ನು ಸೂಳೆ ಎಂದವನು ಕರ್ಣ. ಪಾಂಡವರ ಬಟ್ಟೆಯನ್ನೂ ಆಕೆಯ ಬಟ್ಟೆಯನ್ನೂ ಕಿತ್ತುಕೋ ಎಂದು ದುಶ್ಶಾಸನನಿಗೆ ಹೇಳಿದವನೂ ಕರ್ಣನೇ. ವ್ಯಾಸಭಾರತದಲ್ಲಿ ಇದು ಸ್ಪಷ್ಟವಾಗಿದೆ. ಅರಮನೆಯಲ್ಲಿ ಹುಟ್ಟಿದವನು ನ್ಯಾಯ ಆಡಿದ, ಅವಮಾನ ಉಂಡವನು ಅನ್ಯಾಯ ಆಡಿದ. ಇದನ್ನು ನುಂಗುವುದು ನಮಗೆ ಕಷ್ಟ.

ಟಿವಿಯವರು ಇದಕ್ಕೊಂದು ಸುಲಭದ ಕಾರಣ ಕೊಟ್ಟರು. ಸ್ವಯಂವರದಲ್ಲಿ ದ್ರೌಪದಿ ಸೂತನನ್ನು ವರಿಸೆನೆಂದು ಅಂದಿದ್ದಳು, ಆ ಸಿಟ್ಟು ಒಳಗಿತ್ತು ಎಂದು. ಎರಡೂ ಧಾರಾವಾಹಿಯಲ್ಲಿ ಆ ದೃಶ್ಯ ಉಂಟು. ಆದರೆ ಪುಣೆಯ ಭಂಡಾರ್ಕರ್ ಸಂಸ್ಥೆಯವರು ನೂರಾರು ಹಸ್ತಪ್ರತಿ ಕೂಡಿಸಿ ನೋಡಿ ಸಿದ್ಧಮಾಡಿದ ಪರಿಷ್ಕೃತ ಪಾಠದಲ್ಲಿ ಆಕೆಯ ಆ ಮಾತಿಗೆ ಜಾಗ ಸಿಕ್ಕಿಲ್ಲ. ಅದು ಆಮೇಲೆ ಸೇರಿದ್ದು. ಸೇರಿಸಿದ್ದರಿಂದ ಲಾಭ ಯಾರಿಗೆ? ಕುಲ ಕೇಳಿದ ಕೃಪ ಹಿಂದೆ ಸರಿದ, ಚಾವಟಿಗೆ ಅಂದ ಭೀಮ ಹಿಂದೆ ಸರಿದ. ಸಾವಿರ ವರ್ಷದ ವ್ಯವಸ್ಥೆಯ ತಪ್ಪು ಒಬ್ಬ ಹೆಣ್ಣಿನ ನಾಲಿಗೆಯ ಮೇಲೆ ಬಂದು ಕೂತಿತು. “ಆಕಿ ಅಂದಿದ್ದಕ್ಕ ತಾನ ಹಿಂಗಾತು” ಎಂದು ನಮ್ಮ ಕೇರಿಯ ಗಂಡಸರೂ ಅಂದರು. ಅನುಕೂಲದ ಮಾತು ಅದು.

ನಿಜವಾದ ಕಾರಣವನ್ನು ಕರ್ಣನೇ ಹೇಳಿದ್ದಾನೆ. ಉದ್ಯೋಗಪರ್ವದಲ್ಲಿ ಕೃಷ್ಣ ಅವನನ್ನು ಬದಿಗೆ ಕರೆದು ಹುಟ್ಟಿನ ಗುಟ್ಟು ಬಿಚ್ಚಿದಾಗ, ದುರ್ಯೋಧನನನ್ನು ಸಂತೋಷಪಡಿಸಲೆಂದು ಪಾಂಡವರಿಗೆ ಕಟುವಾಗಿ ಮಾತಾಡಿದೆ, ಅದಕ್ಕೆ ಈಗ ಬೇಯುತ್ತಿದ್ದೇನೆ ಎಂಬರ್ಥದಲ್ಲಿ ಹೇಳುತ್ತಾನೆ. ಒಡೆಯನನ್ನು ಸಂತೋಷಪಡಿಸಲೆಂದು! ಕೊಟ್ಟವನ ಮುಂದೆ ತನ್ನ ನಿಷ್ಠೆಯನ್ನು ದಿನಾ ರುಜುವಾತು ಮಾಡಬೇಕಾದವನು ಒಡೆಯನಿಗಿಂತ ಒಂದು ಮಾತು ಹೆಚ್ಚು ಆಡುತ್ತಾನೆ. ವಿಕರ್ಣನಿಗೆ ಆ ಭಯವಿರಲಿಲ್ಲ. ಅವನ ಕುರ್ಚಿ ಹುಟ್ಟಿನಿಂದ ಬಂದದ್ದು. ಇನ್ನೊಂದು ಮಾತೂ ಇದೆ. ಹೊಲದಲ್ಲಿ ಬೈಸಿಕೊಂಡ ಗಂಡಸು ಆ ಬೈಗಳವನ್ನು ಬಾಂದಿನ ಮೇಲೆ ಬಿಟ್ಟು ಬರುವುದಿಲ್ಲ, ಮನೆಗೆ ಹೊತ್ತು ತರುತ್ತಾನೆ. ನಮ್ಮ ಕೇರಿಯ ಅವ್ವಂದಿರ ಬೆನ್ನಿಗೆ ಇದು ಗೊತ್ತು. ದ್ರೌಪದಿಯ ಕಡೆ ಕರ್ಣ ಎಸೆದದ್ದು ರಂಗದಲ್ಲಿ ಅವನು ತಿಂದ ಕಲ್ಲನ್ನೇ. ತನಗಿಂತ ಮೇಲಿನವರ ಕಡೆಗೆ ಎಸೆಯಲಾಗದ್ದನ್ನು, ಆ ಗಳಿಗೆಯಲ್ಲಿ ತನಗಿಂತ ಕೆಳಗೆ ಬಿದ್ದವಳ ಕಡೆಗೆ ಎಸೆದ. ಕಾರಣ ತಿಳಿಯಿತು. ತಪ್ಪು ಮಾತ್ರ ಹಾಗೆಯೇ ಉಳಿಯಿತು.

ಅದೇ 2020ರ ಜುಲೈಯಲ್ಲಿ ಜೀ ಕನ್ನಡದಲ್ಲಿ ‘ಮಹಾನಾಯಕ’ ಶುರುವಾಯಿತು. ಅದೂ ಹಿಂದಿಯಿಂದ ಡಬ್ಬಾದದ್ದೇ. ನಿಲ್ಲಿಸಿ ಎಂದು ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆ ಬಂದ ಸುದ್ದಿ ಕೇಳಿದೆವು. ಊರೂರಲ್ಲಿ ನಮ್ಮವರು ಬ್ಯಾನರ್ ಕಟ್ಟಿ ನಿಂತದ್ದನ್ನೂ ಕಂಡೆವು. ಕರ್ಣನನ್ನು ನೋಡಿದ ಕಣ್ಣಿನಿಂದಲೇ ಪುಟ್ಟ ಭೀಮನನ್ನು ನೋಡಿದೆವು. ಹೋಲಿಕೆ ತಾನಾಗಿ ಬಂತು. ಬಾಬಾಸಾಹೇಬರಿಗೂ ಒಬ್ಬ ದೊರೆ ಕೊಟ್ಟಿದ್ದ. ಬರೋಡೆಯ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾಕ್ಕೆ ಹೋದರು. ಕರಾರಿನಂತೆ 1917ರಲ್ಲಿ ಬರೋಡೆಯ ನೌಕರಿಗೆ ಬಂದರು. ಕಚೇರಿಯ ಜವಾನರು ಕಾಗದವನ್ನು ದೂರದಿಂದ ಎಸೆದರು. ಪಾರಸಿ ವಸತಿಗೃಹದಿಂದ ಕೋಲು ಹಿಡಿದು ಹೊರಗೆ ಹಾಕಿದರು. ಅವರು ಬರೋಡೆಯನ್ನೇ ಬಿಟ್ಟು ಬಂದರು. ದೊರೆಯ ಉಪಕಾರವನ್ನು ಮರೆಯಲಿಲ್ಲ, ಅದಕ್ಕಾಗಿ ಬೆನ್ನನ್ನೂ ಬಗ್ಗಿಸಲಿಲ್ಲ. 1951ರಲ್ಲಿ ಹಿಂದೂ ಕೋಡ್ ಬಿಲ್ಲು ಬಿದ್ದಾಗ ಮಂತ್ರಿಗಿರಿ ಬಿಟ್ಟು ಎದ್ದರು. ಅದರಲ್ಲಿದ್ದದ್ದು ಹೆಣ್ಣುಮಕ್ಕಳ ಆಸ್ತಿ, ವಿಚ್ಛೇದನದ ಹಕ್ಕು. ಅಂದರೆ ಅಂಗರಾಜ್ಯ ಬಿಟ್ಟು ದ್ರೌಪದಿಯ ಕಡೆ ನಿಂತ ಹಾಗೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಐರ್ಲೆಂಡಿನ ಓಕಾನಲ್‌ನ ಮಾತು ನೆನೆದು, ಮಾನವನ್ನು ಒತ್ತೆಯಿಟ್ಟು ಯಾರೂ ಕೃತಜ್ಞರಾಗಿರಲಾರರು ಎಂದು ಅವರು ಹೇಳಿದ್ದರು. ಆ ಮಾತು ನಮ್ಮ ಮುತ್ಯಾನ ತನಕ ಬಂದು ಮುಟ್ಟಲಿಲ್ಲ, ಅಷ್ಟೆ.

ಕರ್ಣ ಸತ್ತ ಸಂಜೆ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು, ಲಾಕ್‌ಡೌನ್ ಇದ್ದರೂ. ರಥದ ಗಾಲಿ ಹುಗಿಯಿತು. ಎಲ್ಲರ ಕಣ್ಣೂ ಒದ್ದೆ. ಎರಿ ಮಣ್ಣಿನಲ್ಲಿ ಚಕ್ಕಡಿ ಗಾಲಿ ಹುಗಿಯುವುದೆಂದರೆ ಏನೆಂದು ನಮಗೆ ಟಿವಿ ಹೇಳಿಕೊಡಬೇಕಾಗಿಲ್ಲ. ಸಾರಥಿ ಶಲ್ಯ, ರಾಜ. ಸೂತನ ಮಗನ ರಥ ಹೊಡೆಯುವುದೇ ಅವಮಾನ ಎಂದುಕೊಂಡವನು, ಮೇಲೆಯೇ ಕೂತಿದ್ದ. ಕರ್ಣ ತಾನೇ ಇಳಿದು ಗಾಲಿಗೆ ಹೆಗಲು ಕೊಟ್ಟ. ಅಲ್ಲಿಯತನಕ ಬಾಯಿ ಬಿಡದೆ ಕೂತಿದ್ದ ಆಯಿ ಕೇಳಿದಳು: “ಇವನಪ್ಪ ರಥಾ ಹೊಡಿಯಾಂವ ಅಲ್ಲೇನು? ಗಾಲಿ ಹೆಂಗ ಎತ್ತಬೇಕಂತ ಅವಂಗ ಗೊತ್ತಿತ್ತು. ಅವನ್ನ ಯಾಕ ಕರ್ಕೊಂಡ ಬರಲಿಲ್ಲ?”

ಯಾರೂ ಉತ್ತರ ಕೊಡಲಿಲ್ಲ. ಜಾಹೀರಾತು ಬಂತು. ಅಪ್ಪ ಎದ್ದು ದನಗಳಿಗೆ ಮೇವು ಹಾಕಲು ಹೋದ.