ಆಫ್‌ಗ್ರಿಡ್ ಸೌರ ವಿದ್ಯುತ್ ವ್ಯವಸ್ಥೆಯ ಗಾತ್ರ ನಿರ್ಧಾರ

ಆಫ್‌ಗ್ರಿಡ್ ಸೌರ ವಿದ್ಯುತ್ ವ್ಯವಸ್ಥೆಯು ವಿದ್ಯುತ್ ಜಾಲವನ್ನು ಅವಲಂಬಿಸದೆ, ಸೌರಫಲಕದಿಂದ ಪಡೆದ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಸಂಗ್ರಹಿಸಿ ಬಳಸುವ ಏರ್ಪಾಡು. ಕರ್ನಾಟಕದಲ್ಲಿ ಇದನ್ನು ಬ್ಯಾಂಕ್ ಸಾಲದ ನೆರವಿನಿಂದ ಹಳ್ಳಿಮನೆಗಳಿಗೆ ತಲುಪಿಸಿದವರಲ್ಲಿ 1995ರಲ್ಲಿ ಸ್ಥಾಪನೆಯಾದ ಸೆಲ್ಕೋ ಸಂಸ್ಥೆ ಪ್ರಮುಖವಾದುದು. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮನೆಗಳು ಅಡಿಕೆ ತೋಟಗಳ ನಡುವೆ ಚದುರಿದ್ದು, ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಸಾಮಾನ್ಯ.

ಲೆಕ್ಕಾಚಾರ

ಮೊದಲು ದಿನದ ಬಳಕೆಯನ್ನು ಗುರುತಿಸಬೇಕು. ಉದಾಹರಣೆಗೆ, 7 ವ್ಯಾಟ್‌ನ 4 ಎಲ್‌ಇಡಿ ದೀಪಗಳು 5 ಗಂಟೆಗೆ 140 ವ್ಯಾಟ್-ಗಂಟೆ, 30 ವ್ಯಾಟ್‌ನ ಫ್ಯಾನ್ 6 ಗಂಟೆಗೆ 180, ಮೊಬೈಲ್ ಚಾರ್ಜಿಂಗ್ 30. ಒಟ್ಟು 350 ವ್ಯಾಟ್-ಗಂಟೆ. ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲು, ಶೇ. 30 ನಷ್ಟ ಎಂದು ಹಿಡಿದರೆ 100 ವ್ಯಾಟ್ ಫಲಕ ಸಾಕು. ಮಲೆನಾಡಿನಲ್ಲಿ ಈ ವಾರ್ಷಿಕ ಸರಾಸರಿಯ ಲೆಕ್ಕ ಮಳೆಗಾಲದಲ್ಲಿ ಕೈಕೊಡುತ್ತದೆ. 3 ಗಂಟೆ ಎಂದು ಹಿಡಿದರೆ ಸುಮಾರು 167 ವ್ಯಾಟ್ ಬೇಕಾಗುತ್ತದೆ.

ಮೂರು ದಿನದ ಸಂಗ್ರಹವೆಂದರೆ 1,050 ವ್ಯಾಟ್-ಗಂಟೆ. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಷ್ಯ ಕುಗ್ಗುವುದರಿಂದ, 12 ವೋಲ್ಟ್‌ನಲ್ಲಿ 175 ಆಂಪಿಯರ್-ಗಂಟೆ ಸಾಮರ್ಥ್ಯ ಅಗತ್ಯ.

ಸ್ಥಳದ ಆಯ್ಕೆ

ಫಲಕವು ದಕ್ಷಿಣಕ್ಕೆ ಸುಮಾರು 15 ಡಿಗ್ರಿ ವಾಲಿರಬೇಕು. ಅಡಿಕೆ ಮರದ ನೆರಳು ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಬಹಳ ಕುಸಿಯುತ್ತದೆ. ಮನೆಯ ಬಳಿ ಹಳ್ಳವಿದ್ದರೆ ಕಿರು ಜಲವಿದ್ಯುತ್ ಘಟಕ ಉತ್ತಮ ಜೋಡಿ. ಬಿಸಿಲಿಲ್ಲದ ತಿಂಗಳುಗಳಲ್ಲೇ ಅದಕ್ಕೆ ನೀರು ಹೆಚ್ಚು.