78ನೇ ರೇಖಾಂಶದ ಆಚೀಚೆ: ಚಿಕ್ಕಬಳ್ಳಾಪುರ ಜಿಲ್ಲೆಗೊಂದು ನಿರ್ದೇಶಾಂಕ ಲೈಬ್ರರಿಯ ವಿನ್ಯಾಸ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವವರು ದಾರಿಯಲ್ಲಿ 78ನೇ ಪೂರ್ವ ರೇಖಾಂಶವನ್ನು ದಾಟುತ್ತಾರೆ. ಹೊಲದಲ್ಲಿ ಅದಕ್ಕೆ ಗುರುತಿಲ್ಲ, ನಕ್ಷೆಯ ಲೆಕ್ಕದಲ್ಲಿ ಮಾತ್ರ ದೊಡ್ಡ ಸೀಳು. ಆರಾರು ಡಿಗ್ರಿಗೆ ಭೂಮಿಯನ್ನು ಹೋಳು ಮಾಡುವ ಯುಟಿಎಂ ಪದ್ಧತಿಯ 43ನೇ ವಲಯ ಇಲ್ಲಿ ಮುಗಿದು 44 ಶುರುವಾಗುತ್ತದೆ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಪಟ್ಟಣಗಳು ಪಡುವಲಿಗೆ ಉಳಿದರೆ ಚಿಂತಾಮಣಿ ಮೂಡಲಿಗೆ ಬೀಳುತ್ತದೆ. 2007ರಲ್ಲಿ ಕೋಲಾರದಿಂದ ಬೇರೆಯಾದ ಜಿಲ್ಲೆ ಹೀಗೆ ಎರಡು ಲೆಕ್ಕದ ಮನೆಯಾಗಿದೆ. ರೇಖೆಯ ಮೇಲಿನ ಒಂದೇ ಬಿಂದುವಿನ ಪೂರ್ವ ದೂರ, 13.4 ಡಿಗ್ರಿ ಅಕ್ಷಾಂಶದಲ್ಲಿ, 43ರಲ್ಲಿ ಸುಮಾರು 8,24,900 ಮೀಟರ್, 44ರಲ್ಲಿ 1,75,100. ಎರಡನ್ನೂ ಒಂದೇ ಕೋಷ್ಟಕಕ್ಕೆ ಸುರಿದರೆ ಅಕ್ಕಪಕ್ಕದ ಹೊಲಗಳ ನಡುವೆ 650 ಕಿ.ಮೀ. ಹುಟ್ಟಿಕೊಳ್ಳುತ್ತದೆ.

ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗೂ ಬೀಳುತ್ತದೆ. ಕಾಡುವುದು ಸಣ್ಣದು. ವಲಯದ ಅಂಚಿನಲ್ಲಿ ಯುಟಿಎಂ ಉದ್ದವನ್ನು ಸಾವಿರಕ್ಕೆ 0.9ರಷ್ಟು ಹಿಗ್ಗಿಸುತ್ತದೆ, ವಿಸ್ತೀರ್ಣವನ್ನು 1.8ರಷ್ಟು. ನಮ್ಮ ಗುಂಟೆ 33 ಅಡಿ ಸರಪಳಿಯ ಒಂದು ಚೌಕ. 40 ಗುಂಟೆಗೆ ಎಕರೆ, ಗುಂಟೆಗೆ 16 ಆಣೆ. ಆ ಲೆಕ್ಕದಲ್ಲಿ ಎಕರೆಗೆ ಒಂದಾಣೆಗಿಂತ ತುಸು ಹೆಚ್ಚು, ಅಂದರೆ 79 ಚದರಡಿ, ಬರಿಯ ಸೂತ್ರದಿಂದಲೇ ಬೆಳೆಯುತ್ತದೆ. ಜಮೀನು ಪಾಲು ಮಾಡುವ ಪೋಡಿಯ ವ್ಯಾಜ್ಯದಲ್ಲಿ ಒಂದಾಣೆ ಎಷ್ಟು ದೊಡ್ಡದೆಂದು ಸರ್ವೆಯವರಿಗೆ ಗೊತ್ತು.

ಗೌರಿಬಿದನೂರಿನ ರೇಡಿಯೊ ದೂರದರ್ಶಕದ್ದೂ ಇದೇ ಪಾಡು. 34.5 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡಲು ಕಟ್ಟಿದ ಅದರ ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿ.ಮೀ. ಡೈಪೋಲುಗಳ ಸ್ಥಾನವನ್ನು ಯುಟಿಎಂನಿಂದ ನೇರವಾಗಿ ಎತ್ತಿಕೊಂಡರೆ ತೋಳು ಕಾಗದದ ಮೇಲೆ 60 ಸೆಂ.ಮೀ. ಮೀರಿ ಉದ್ದವಾಗುತ್ತದೆ. ಅಲೆಯುದ್ದವೇ 8.7 ಮೀಟರ್ ಆಗಿರುವಾಗ ಇದು ಕಡೆಗಣಿಸುವ ಮೊತ್ತವಲ್ಲ.

ಆದ್ದರಿಂದ ಇಲ್ಲಿ ಸೂಚಿಸುವ ತಂತ್ರಾಂಶ ಲೈಬ್ರರಿಯಲ್ಲಿ ಬಿಂದು ಎಂದರೆ ಎರಡು ಅಂಕಿಗಳಷ್ಟೇ ಅಲ್ಲ. ಯಾವ ವಲಯದ, ಯಾವ ಪ್ರಕ್ಷೇಪದ ಅಂಕಿ ಎಂಬ ಚೌಕಟ್ಟೂ ಅದಕ್ಕೆ ಅಂಟಿಕೊಂಡಿರುತ್ತದೆ. ಚೌಕಟ್ಟು ಬೇರೆಯಾದ ಎರಡು ಬಿಂದುಗಳನ್ನು ಕೂಡಿಸಲು ಹೋದರೆ ಲೈಬ್ರರಿ ಉತ್ತರ ಕೊಡದೆ ನಿಲ್ಲಬೇಕು. ಪ್ರೋಜ್‌ನಂಥ ಹಳೆಯ ಲೈಬ್ರರಿಗಳು ಪರಿವರ್ತನೆಯ ಗಣಿತವನ್ನು ಚೆನ್ನಾಗಿಯೇ ನಿಭಾಯಿಸುತ್ತವೆ. ಕೊರತೆ ಇರುವುದು ಅವನ್ನು ಕರೆಯುವವರ ಶಿಸ್ತಿನಲ್ಲಿ. ಜಿಲ್ಲೆಗೆಂದೇ 77°45′ ಮಧ್ಯರೇಖೆಯ ಸ್ಥಳೀಯ ಪ್ರಕ್ಷೇಪವೊಂದನ್ನು ಇಟ್ಟುಕೊಂಡರೆ, ಅರ್ಧ ಡಿಗ್ರಿ ದೂರದಲ್ಲೂ ಎಕರೆಯ ತಪ್ಪು ಆಣೆಯ ಇಪ್ಪತ್ತನೇ ಒಂದು ಪಾಲಿಗೆ ಇಳಿಯುತ್ತದೆ. ನೆಲದ ಎತ್ತರ ಇದಕ್ಕಿಂತ ದೊಡ್ಡ ತೊಡಕು: ಸುಮಾರು 900 ಮೀಟರ್ ಎತ್ತರದಲ್ಲಿ ಕಿಲೋಮೀಟರಿಗೆ 14 ಸೆಂ.ಮೀ. ವ್ಯತ್ಯಾಸ. ಪ್ರಮಾಣಾಂಕವನ್ನು 1.00014 ಎಂದಿಟ್ಟರೆ ಅದೂ ಸರಿಹೋಗುತ್ತದೆ.

ಬಿಂದುಗಳನ್ನು ಹುಟ್ಟಿಸುವುದು ಇನ್ನೊಂದು ಕೆಲಸ. ಒಂದು ಗ್ರಾಮದೊಳಗೆ ಮಣ್ಣಿನ ಮಾದರಿಗೆ ನೂರು ಜಾಗ ಆರಿಸಬೇಕೆನ್ನಿ. ಗಡಿಯ ಬಹುಭುಜವನ್ನು ತ್ರಿಕೋನಗಳಾಗಿ ಒಡೆದು, ವಿಸ್ತೀರ್ಣಕ್ಕೆ ತಕ್ಕಂತೆ ತ್ರಿಕೋನ ಆರಿಸಿ, ಅದರೊಳಗೆ ಬಿಂದು ಎಸೆಯುವುದೇ ಮೇಲು. ಆಯತದಲ್ಲಿ ಎಸೆದು ಹೊರಗೆ ಬಿದ್ದದ್ದನ್ನು ಬಿಸಾಡುವ ವಿಧಾನ ಉದ್ದನೆಯ, ಸೊಟ್ಟ ಗಡಿಗಳಲ್ಲಿ ಶ್ರಮವನ್ನೆಲ್ಲ ನುಂಗುತ್ತದೆ. ಯಾದೃಚ್ಛಿಕ ಸರಣಿಯ ಬೀಜಸಂಖ್ಯೆಯನ್ನು ಫಲಿತಾಂಶದೊಂದಿಗೇ ಬರೆದಿಡಬೇಕು. ಮುಂದಿನ ವರ್ಷ ಅದೇ ಜಾಗಗಳಿಗೆ ಮರಳಬೇಕಲ್ಲ!

ಹಳೆಯ ನಕ್ಷೆಗಳ ಮಾತು ಬೇರೆ. ಭೂಮಾಪಕ ಲ್ಯಾಂಬ್ಟನ್ 1802ರಲ್ಲಿ ಆರಂಭಿಸಿದ ಅಳತೆಯ ಮಹಾ ಚಾಪ ಉತ್ತರಕ್ಕೆ ಸಾಗಿದ್ದೂ ಈ 78ನೇ ರೇಖಾಂಶದ ಆಸುಪಾಸಿನಲ್ಲೇ. ಆ ಪರಂಪರೆಯ ಎವರೆಸ್ಟ್ ದೀರ್ಘಗೋಳದ ಅಕ್ಷಾಂಶ-ರೇಖಾಂಶಗಳನ್ನು ಇಂದಿನ ಜಿಪಿಎಸ್ ಅಂಕಿಗಳೆಂದು ಓದಿದರೆ ಬಿಂದು ನೂರು ಮೀಟರಿಗೂ ಮೀರಿ ಸರಿಯುತ್ತದೆ. ಹಾಗಾಗಿ ಅಂಕಿಗಳ ಆಧಾರ ದೀರ್ಘಗೋಳ ಯಾವುದೆಂದು ಹೇಳದ ಕಡತವನ್ನು ಲೈಬ್ರರಿ ತಾನೇ ಊಹಿಸಿ ತೆರೆಯದೆ, ಬಳಕೆದಾರರನ್ನು ಕೇಳಿಯೇ ಮುಂದುವರಿಯುವಂತೆ ವಿನ್ಯಾಸಗೊಳಿಸಿದೆ.