ಈ ಮೋರಿ ಯಾರದು?



ಹೋದ ವರ್ಷ ಹಸ್ತ ಮಳೆಗೆ ನನ್ನ ರಾಗಿ ಹೊಲ ಮೂರು ದಿನ ನೀರಲ್ಲಿ ನಿಂತಿದ್ದನ್ನ ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ತೆನೆ ಕಟ್ಟೋ ಹೊತ್ತು, ಅರ್ಧ ಎಕರೆ ಹೋಯ್ತು. ನಮ್ಮ ಹೊಲದ ನೀರು ರೋಡಿನ ಕೆಳಗಿನ ಮೋರಿ ದಾಟಿ ಹಳ್ಳ ಸೇರಬೇಕು. ಮೋರಿ ಬಾಯಿ ಹೂಳು, ಲಂಟಾನ ತುಂಬಿ ಮುಚ್ಚಿತ್ತು. ಮಖೆ ಮಳೆ ಹೊತ್ತಿಗೇ ಪಂಚಾಯ್ತಿಗೆ ಅರ್ಜಿ ಕೊಟ್ಟು ಕಾಯ್ತಾ ಕೂತಿದ್ದೆ. ಆಮೇಲೆ ಗೊತ್ತಾಯ್ತು, ಆ ರೋಡು ಪಂಚಾಯ್ತಿದೇ ಅಲ್ಲ, ರಾಜ್ಯ ಹೆದ್ದಾರಿ. ತಪ್ಪು ನನ್ನದೇ. ಹುಟ್ಟಿದಾಗಿಂದ ಓಡಾಡಿದ ರೋಡು ಯಾರದು ಅಂತ ತಿಳ್ಕೊಂಡಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದಿದ್ದನ್ನ ಇಲ್ಲಿ ಬರೀತಿದ್ದೀನಿ.

ಹಿಂದೆ ನಮ್ಮ ಮೈಸೂರು ಸೀಮೆಯಲ್ಲಿ ಗಾಡಿ ರಸ್ತೆ ಬಹಳ ಕಡಿಮೆ. ಎತ್ತು, ಕತ್ತೆ ಬೆನ್ನ ಮೇಲೆ ಹೇರು ಹೋಗ್ತಿತ್ತು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಕಲ್ಲು ಕಂಬದ ಸೇತುವೆ ಕಟ್ಟಿಸಿದರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು. ಅದೇ ಕಾಲದಲ್ಲಿ, 1856ರಲ್ಲಿ, ಮೈಸೂರಿಗೆ ಲೋಕೋಪಯೋಗಿ ಇಲಾಖೆ ಬಂತು. ನಾವು ಪಿ.ಡಬ್ಲ್ಯು.ಡಿ. ಅನ್ನೋದು ಇದನ್ನೇ.

ನಾವು ರೈತರು ಗಮನಿಸಬೇಕಾದ್ದು ಇಲ್ಲಿದೆ. ಆಗ ರಸ್ತೆಯೂ ಕೆರೆಯೂ ಒಂದೇ ಇಲಾಖೆ ಕೈಲಿದ್ದವು. ಚೀಫ್ ಇಂಜಿನಿಯರ್ ಆಗಿದ್ದ ಸ್ಯಾಂಕಿ ಸಾಹೇಬರು, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ, ಅಷ್ಟು ಕೆರೆ ಇವೆ ಅಂತ ಬರೆದಿದ್ದರು. 1909ರಲ್ಲಿ ವಿಶ್ವೇಶ್ವರಯ್ಯನವರು ಅದೇ ಹುದ್ದೆಗೆ ಬಂದರು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯೂ ಇದೇ ಇಲಾಖೆ ಕೆಲಸ. ಯೋಚನೆ ಮಾಡಿ, ಇಳಿಜಾರಿಗೆ ಅಡ್ಡ ಹಾಕಿದ ರೋಡು ಒಂದು ಏರಿ ಇದ್ದಂಗೆ. ಕೆರೆ ಏರಿಗೆ ತೂಬು ಹೆಂಗೋ, ರೋಡಿಗೆ ಮೋರಿ ಹಂಗೆ.

ಕಾಲ ಕಳೆದಂಗೆ ಎಲ್ಲಾ ಹಂಚಿ ಹೋಯ್ತು. 1943ರ ನಾಗಪುರ ಯೋಜನೆಯಲ್ಲಿ ರಸ್ತೆಗಳನ್ನ ರಾಷ್ಟ್ರೀಯ, ಪ್ರಾಂತ್ಯದ, ಜಿಲ್ಲೆಯ, ಹಳ್ಳಿಯ ರಸ್ತೆ ಅಂತ ವಿಂಗಡಿಸಿದರು. 1956ರಲ್ಲಿ ರಾಜ್ಯ ಒಂದಾದಾಗ ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಕಡೆಯ ರಸ್ತೆಗಳೂ ಸೇರಿಕೊಂಡವು. 1964ರಲ್ಲಿ ರಾಜ್ಯಕ್ಕೆ ಹೆದ್ದಾರಿ ಕಾಯ್ದೆ ಬಂತು. ನೀರಾವರಿ ಬೇರೆ ಇಲಾಖೆ ಆಯ್ತು. ಈಗ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯ್ತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿಗೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಪಿ.ಡಬ್ಲ್ಯು.ಡಿ.ಗೆ. ರಾಜ್ಯ ಹೆದ್ದಾರಿಯೇ ಸಾವಿರಾರು ಕಿಲೋಮೀಟರ್ ಇದೆ. ಅಷ್ಟು ಉದ್ದದ ರೋಡಲ್ಲಿ ನಮ್ಮ ಹೊಲದ ಮೋರಿ ಕಟ್ಟಿದೆ ಅಂತ ಆಫೀಸಲ್ಲಿ ಕೂತವರಿಗೆ ತಾನಾಗೇ ತಿಳಿಯಲ್ಲ. ನಾನು ಹುಡುಗನಾಗಿದ್ದಾಗ ಗ್ಯಾಂಗಿನವರು ಮುಂಗಾರಿಗೆ ಮುಂಚೆ ಗುದ್ದಲಿ, ಮಂಕರಿ ಹಿಡಿದು ಚರಂಡಿ ತೋಡೋರು. ನಮ್ಮ ಕಡೆ ಈಗ ಆ ನೋಟ ಇಲ್ಲ. ಹೇಳೋರು ನಾವೇ ಆಗಬೇಕು.

ಯಾರಿಗೆ ಹೇಳೋದು? ರೋಡಿನ ಪಕ್ಕದ ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣ ಹಳ್ಳಿ ರಸ್ತೆಗೆ. ಹಸಿರು ಕಲ್ಲಾದರೆ ತಾಲ್ಲೂಕಿನ ಪಿ.ಡಬ್ಲ್ಯು.ಡಿ. ಉಪವಿಭಾಗಕ್ಕೆ ಹೋಗಿ. ಅರ್ಜಿಯಲ್ಲಿ ಹೆದ್ದಾರಿ ನಂಬರು, ಹತ್ತಿರದ ಕಲ್ಲಿನ ಕಿಲೋಮೀಟರ್ ಬರೆಯಿರಿ. ಮೋರಿ ಕಟ್ಟೆ ಮೇಲೆ ನಂಬರ್ ಇದ್ದರೆ ಅದನ್ನೂ ಸೇರಿಸಿ, ಫೋಟೋ ಇಡಿ, ಸ್ವೀಕೃತಿ ಇಸ್ಕೊಳ್ಳಿ.

ನನ್ನ ಹೊಲದ ಪಕ್ಕದ ಕಲ್ಲು ಹಸಿರೇ. ಬಳ್ಳಿ ಹಬ್ಬಿತ್ತು, ಮಚ್ಚಲ್ಲಿ ಸವರಿದ ಮೇಲೆ ಕಾಣ್ತು. ಈ ಸಲ ಭರಣಿ ಮಳೆಗೆ ಮುಂಚೆ ಸರಿಯಾದ ಕಡೆ ಅರ್ಜಿ ಕೊಟ್ಟಿದ್ದೀನಿ. ಹೊಲದ ಕಡೆಯಿಂದ ನೀರು ಬರೋ ಕಾಲುವೇನ ಅರ್ಧ ದಿನ ಕೂತು ನಾನೇ ಬಿಡಿಸಿದೆ. ನಿಮ್ಮ ಹೊಲದ ಪಕ್ಕದ ಕಲ್ಲು ಯಾವ ಬಣ್ಣ ಅಂತ ನಾಳೆ ಹೋಗುವಾಗ ಒಂದ್ಸಲ ನೋಡಿ.